33 ಗಂಟೆ ತಲೆ ಎತ್ತಿ ನಿಂತ ಕುದುರೆ

ಕೆಂದ ಈಗ ಚೆನ್ನಾಗಿದ್ದಾನೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕಂದ್ರೆ ಕುದುರೆ ಸಾಕಿದವರು ಇಂಥದ್ದನ್ನು ಜೀವ ಕೈಯಲ್ಲಿ ಹಿಡಿದುಕೊಂಡೇ ಓದುತ್ತಾರೆ.

ಕೆಂದ ಅನ್ನೋದು ಅವನ ನಿಜವಾದ ಹೆಸರಲ್ಲ. ಮೈಬಣ್ಣ ಕೆಂಪು, ಅದಕ್ಕೆ ಇಲ್ಲಿ ಹಾಗೆ ಕರೆಯುತ್ತೇನೆ. ಮನೆಯವರ ಒಪ್ಪಿಗೆ ತೆಗೆದುಕೊಂಡು ಬರೆಯುತ್ತಿದ್ದೇನೆ. ಗುರುತು ಸಿಗುವ ಒಂದೆರಡು ವಿವರ ಬದಲಾಯಿಸಿದ್ದೇನೆ. ಸಾಗಣೆ ಮಾಡಿದವರು, ಪ್ರಯಾಣ ತಡವಾದ ಊರು, ಯಾವುದನ್ನೂ ಹೆಸರಿಸುವುದಿಲ್ಲ. ನಾನು ಬೆಂಗಳೂರಿನ ಹೊರಗೆ ಒಂದು ಲಾಯ ನೋಡಿಕೊಳ್ಳುವವನು. ಕೆಂದನಿಗಿಂತ ಮುಂಚೆ ನಾಲ್ಕು ಕುದುರೆಗಳನ್ನು ಹೊರದೇಶದಿಂದ ತರಿಸುವ ಕೆಲಸದಲ್ಲಿ ಇದ್ದೆ. ಆ ನಾಲ್ಕೂ ಸಲೀಸಾಗಿ ಬಂದಿದ್ದವು. ಈ ಸಲ ನಾವು ಎಡವಿದ್ದಕ್ಕೆ ಆ ಧೈರ್ಯವೂ ಒಂದು ಕಾರಣ.

ಹಿನ್ನೆಲೆ

ಕೆಂದ ಜರ್ಮನಿಯಲ್ಲಿ ಹುಟ್ಟಿ ಪಳಗಿದ, ವಾರ್ಮ್‌ಬ್ಲಡ್ ಅನ್ನುವ ತಳಿಯ ಕುದುರೆ. ಬೀಜ ತೆಗೆದ ಗಂಡು, 11 ವರ್ಷ, 585 ಕೆಜಿ. ಅವನನ್ನು ಕೊಂಡವರು ಸಣ್ಣ ಕಾರ್ಖಾನೆ ನಡೆಸುವ ಒಬ್ಬ ತಂದೆ. ಮಗಳಿಗೆ ಆಗ 17 ವರ್ಷ. ಎಂಟು ವರ್ಷದಿಂದ ಬೇರೆಯವರ ಕುದುರೆ ಮೇಲೆ ಜಂಪಿಂಗ್, ಅಂದರೆ ಅಡ್ಡಗಂಬ ಹಾರಿಸುವುದು, ಕಲಿತವಳು. ಅದೇ ವರ್ಷ ಜುಲೈನಲ್ಲಿ ಅವಳಿಗೊಂದು ಸ್ಪರ್ಧೆ ಇತ್ತು. ಕುದುರೆ ಮೇ ತಿಂಗಳಲ್ಲಿ ಬಂದುಬಿಟ್ಟರೆ ಆರು ವಾರ ಜೊತೆಯಾಗಿ ಅಭ್ಯಾಸ ಮಾಡಬಹುದು ಅನ್ನುವುದು ಲೆಕ್ಕ.

ಇಲ್ಲೇ ಕುದುರೆ ಸಿಗಲ್ವಾ ಅಂತ ಜನ ಕೇಳುತ್ತಾರೆ. ಸಿಗುತ್ತವೆ. ಕುಣಿಗಲ್‌ನಲ್ಲಿ ಟಿಪ್ಪು ಕಾಲದಿಂದಲೂ ಕುದುರೆ ಫಾರ್ಮ್ ಇದೆ. ಆದರೆ ನಮ್ಮಲ್ಲಿ ಜಾಸ್ತಿ ಬೆಳೆಸುವುದು ರೇಸಿನ ಥರೋಬ್ರೆಡ್. ಜಂಪಿಂಗ್‌ಗೆ, ಕುದುರೆಯ ನಡೆಯ ಅಂದ ನೋಡುವ ಡ್ರೆಸ್ಸಾಜ್‌ಗೆ ಬೇಕಾದ ವಾರ್ಮ್‌ಬ್ಲಡ್ ತಳಿಗೆ ಯುರೋಪಿನ ಕಡೆಗೇ ನೋಡಬೇಕು. ಒಮ್ಮೆ ಇಲ್ಲಿಗೆ ಬಂದ ಕುದುರೆ ಮತ್ತೆ ಹೊರದೇಶದ ಸ್ಪರ್ಧೆಗೆ ಹೋಗುವುದೂ ಸುಲಭವಲ್ಲ, ರೋಗದ ನಿಯಮಗಳು ಅಷ್ಟು ಬಿಗಿ. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಡ್ರೆಸ್ಸಾಜ್ ಚಿನ್ನ ಗೆದ್ದ ನಮ್ಮ ತಂಡದವರು ಯುರೋಪಿನಲ್ಲಿದ್ದೇ ತಯಾರಾದವರು. ಬೆಂಗಳೂರಿನ ಸವಾರ ಫವಾದ್ ಮಿರ್ಜಾ ಕೂಡ ಟೋಕಿಯೋ ಒಲಿಂಪಿಕ್ಸ್‌ಗೆ ಜರ್ಮನಿಯಲ್ಲೇ ತಯಾರಾದರು. 2025ರ ಜುಲೈನಲ್ಲಿ ಮೀರತ್‌ನ ಸೇನಾ ಕೇಂದ್ರಕ್ಕೆ ದೇಶದ ಮೊದಲ ರೋಗಮುಕ್ತ ಕುದುರೆ ವಲಯ ಅನ್ನುವ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಿತು. ಬಾಗಿಲು ಈಗಷ್ಟೇ ತೆರೆಯುತ್ತಿದೆ. ಹಾಗಾಗಿ ಕೆಂದನ ಪ್ರಯಾಣ ಹೆಚ್ಚುಕಮ್ಮಿ ಒಂದೇ ದಿಕ್ಕಿನದು. ಬಂದಮೇಲೆ ಇದೇ ಅವನ ಮನೆ.

ಕನ್ನಡ ನಾಡಿಗೆ ಹೊರಗಿನಿಂದ ಕುದುರೆ ಬರುವುದು ಹೊಸದೇನಲ್ಲ. ವಿಜಯನಗರದ ಕಾಲದಲ್ಲಿ ಪರ್ಷಿಯಾ ಕೊಲ್ಲಿಯ ಹೊರ್ಮುಜ್‌ನಿಂದ ಹಡಗು ತುಂಬ ಕುದುರೆ ಬಂದು ಭಟ್ಕಳ, ಗೋವೆಯಲ್ಲಿ ಇಳಿಯುತ್ತಿದ್ದವು. ವಿಜಯನಗರದ ದೊರೆ ಸಾಳುವ ನರಸಿಂಹ ದಾರಿಯಲ್ಲಿ ಸತ್ತ ಕುದುರೆಗೂ ದುಡ್ಡು ಕೊಡುತ್ತಿದ್ದನಂತೆ, ಬಾಲ ತಂದು ತೋರಿಸಿದರೆ ಸಾಕಿತ್ತಂತೆ. ಮುಂದೆ ಇಲ್ಲಿಗೆ ಬಂದ ಒಬ್ಬ ಪೋರ್ಚುಗೀಸ್ ವರ್ತಕ ಇದನ್ನು ಬರೆದಿಟ್ಟಿದ್ದಾನೆ. ಅದನ್ನು ಓದಿದಾಗೆಲ್ಲ ಆ ಹಡಗಿನ ಹೊಟ್ಟೆಯಲ್ಲಿ ವಾರಗಟ್ಟಲೆ ನಿಂತ ಪ್ರಾಣಿಗಳು ನೆನಪಾಗುತ್ತವೆ. ಈಗ ವಾರಗಳಿಲ್ಲ, ಒಂದೂವರೆ ದಿನ. ಆದರೆ ನಿಲ್ಲುವ ಕಷ್ಟ ಅದೇ.

ಹೊರಡುವ ಮುಂಚೆ ಮಾಡಿದ್ದು

ಕಾಗದಪತ್ರದ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಕೇಂದ್ರ ಸರ್ಕಾರದ ಪಶುಸಂಗೋಪನಾ ಇಲಾಖೆಯ ಆಮದು ಪರವಾನಗಿ, ಕುದುರೆಯ ಪಾಸ್‌ಪೋರ್ಟ್, ಮೈಕ್ರೋಚಿಪ್ಪಿನ 15 ಅಂಕಿ, ರಕ್ತ ಪರೀಕ್ಷೆ, ಲಸಿಕೆ, ಹೊರಡುವ ಮುಂಚಿನ ಪ್ರತ್ಯೇಕವಾಸ, ಎಲ್ಲ ಸರಿಯಾಗಿತ್ತು. ಕಾಗದ ಸರಿಯಿದ್ದರೆ ಕುದುರೆ ಸರಿಯಾಗಿ ಬರುತ್ತದೆ ಅಂತ ಅಂದುಕೊಳ್ಳುವವರು ಬಹಳ. ನಾನೂ ಅರ್ಧ ಹಾಗೇ ಅಂದುಕೊಂಡಿದ್ದೆ.

ಕೆಲವು ಕೆಲಸ ಚೆನ್ನಾಗಿ ಮಾಡಿದೆವು. ಕುದುರೆಗೆ ಹೊಸ ಊರಿನ ನೀರಿನ ರುಚಿ ಹಿಡಿಸುವುದಿಲ್ಲ, ಬಾಯಿ ಹಾಕದೆ ನಿಂತುಬಿಡುತ್ತದೆ. ಅದಕ್ಕೆ ಎರಡು ವಾರ ಮುಂಚಿನಿಂದ ಕೆಂದನ ಬಕೆಟ್ಟಿಗೆ ಸ್ವಲ್ಪ ಸೇಬಿನ ರಸ ಹಾಕಿಸಿದೆವು. ದಾರಿಯಲ್ಲೂ ಅದೇ ರಸ ಹಾಕಿದರೆ ಎಲ್ಲ ಊರಿನ ನೀರೂ ಒಂದೇ ರುಚಿ. ಕೊನೆಯ ಮೂರು ದಿನ ಕಾಳು ಇಳಿಸಿ ಹುಲ್ಲು ಹೆಚ್ಚಿಸಿದೆವು, ನಿಂತಲ್ಲೇ ನಿಂತಾಗ ಹೊಟ್ಟೆನೋವು ಬರಬಾರದು ಅಂತ. ಕುದುರೆ ವಾಂತಿ ಮಾಡಲಾರದು. ಹೊಟ್ಟೆಗೆ ಹೋದದ್ದು ಮುಂದಕ್ಕೇ ಹೋಗಬೇಕು.

ಇನ್ನೊಂದು ಕೆಲಸ ಆಗ ಸಣ್ಣದು ಅನ್ನಿಸಿತ್ತು. ಕೊನೆಯ ಏಳು ದಿನ ಬೆಳಿಗ್ಗೆ, ಸಂಜೆ ಜ್ವರದ ಕಡ್ಡಿ ಇಟ್ಟು ಮೈಬಿಸಿ ಬರೆದಿಡಿ ಅಂತ ಜರ್ಮನಿಯ ಲಾಯದವರಿಗೆ ಹೇಳಿದ್ದೆ. ಅವರು ಗೆರೆ ಎಳೆದ ಹಾಳೆಯಲ್ಲಿ 14 ಅಂಕಿ ಬರೆದು ಫೋಟೋ ಕಳಿಸಿದರು. ಸೆಲ್ಸಿಯಸ್ ಲೆಕ್ಕದಲ್ಲಿ ಬೆಳಿಗ್ಗೆ 37.3, 37.4. ಸಂಜೆ 37.6, 37.7. ಒಂದು ದಿನವೂ 37.7 ದಾಟಿರಲಿಲ್ಲ. ಆ ಹಾಳೆಯ ಪ್ರಿಂಟ್ ತೆಗೆದು ಫೈಲಿಗೆ ಸೇರಿಸಿದೆ.

ತಪ್ಪು ಮಾಡಿದ್ದು ಎರಡು ಕಡೆ. ಎರಡೂ ದುಡ್ಡಿನ ವಿಷಯ.

ಕುದುರೆಗಳು ವಿಮಾನದಲ್ಲಿ ಹೋಗುವುದು ಜೆಟ್ ಸ್ಟಾಲ್ ಅನ್ನುವ ಪೆಟ್ಟಿಗೆಯಲ್ಲಿ. ಅದರ ಅಗಲ ಸುಮಾರು ಎರಡೂವರೆ ಮೀಟರ್. ಒಳಗೆ ಒಂದು, ಎರಡು ಅಥವಾ ಮೂರು ಕುದುರೆ ನಿಲ್ಲಿಸಬಹುದು. ಮೂರು ನಿಲ್ಲಿಸಿದರೆ ಒಂದಕ್ಕೆ ಸಿಗುವುದು ಮುಕ್ಕಾಲು ಮೀಟರಿಗಿಂತ ಚೂರು ಜಾಸ್ತಿ. ತಂದೆ ಕೇಳಿದರು, "ಮೂರರಲ್ಲಿ ಕಳಿಸಿದರೆ ಕುದುರೆಗೆ ಅಪಾಯ ಇದೆಯಾ?" ದೊಡ್ಡ ಮೈಯ ಕುದುರೆಗೆ ಎರಡೇ ಒಳ್ಳೆಯದು ಅಂತ ನನಗೆ ಗೊತ್ತಿತ್ತು. ಆದರೆ ಅವರು ಆಗಲೇ ಎಷ್ಟು ಸಾಲ ಮಾಡಿದ್ದಾರೆ ಅನ್ನುವುದೂ ಗೊತ್ತಿತ್ತು. "ಎಷ್ಟೋ ಕುದುರೆ ಹಾಗೇ ಬರುತ್ತವೆ" ಅಂದೆ. ಅದು ಸುಳ್ಳಲ್ಲ. ಅವರು ಕೇಳಿದ ಪ್ರಶ್ನೆಗೆ ಉತ್ತರವೂ ಅಲ್ಲ.

ಎರಡನೆಯದು, ಬೆಲ್ಜಿಯಂನ ಲಿಯೇಜ್‌ನಲ್ಲಿ ಒಂದು ರಾತ್ರಿಯ ವಿಶ್ರಾಂತಿ. ಆ ನಿಲ್ದಾಣದಲ್ಲಿ ಕುದುರೆಗಳಿಗೆ ಅಂತಲೇ ಲಾಯ ಇದೆ. ಲಾರಿಯಿಂದ ಇಳಿದು, ಒಂದು ರಾತ್ರಿ ತಲೆ ಬಗ್ಗಿಸಿ ಹುಲ್ಲು ತಿಂದು, ಮರುದಿನ ವಿಮಾನ ಹತ್ತಬಹುದು. ಖರ್ಚು ಉಳಿಸಲು ಅದನ್ನೂ ಕೈಬಿಟ್ಟೆವು. ಲಾರಿ ಇಳಿದ ಕುದುರೆ ಅದೇ ದಿನ ಪೆಟ್ಟಿಗೆಗೆ.

ತಲೆ ಬಗ್ಗಿಸುವುದು ಯಾಕೆ ಇಷ್ಟು ಮುಖ್ಯ

ಇಲ್ಲಿ ಸ್ವಲ್ಪ ನಿಲ್ಲಬೇಕು. ವಿಮಾನ ಅಂದ ಕೂಡಲೇ ಜನ ಹೆದರುವುದು ಮೇಲೇರುವಾಗಿನ ಸದ್ದಿಗೆ, ಕುಲುಕಾಟಕ್ಕೆ. ಕುದುರೆಗಳು ಅದನ್ನು ಚೆನ್ನಾಗಿಯೇ ತಡೆದುಕೊಳ್ಳುತ್ತವೆ. ಕಾಲು ಅಗಲಿಸಿ ನಿಲ್ಲುತ್ತವೆ, ಆಮೇಲೆ ಹುಲ್ಲು ಜಗಿಯುತ್ತವೆ. ಪೈಲಟ್‌ಗಳೂ ನಿಧಾನವಾಗಿ ಏರಿಸಿ ನಿಧಾನವಾಗಿ ಇಳಿಸುತ್ತಾರೆ.

ನಿಜವಾದ ಅಪಾಯ ಶ್ವಾಸಕೋಶಕ್ಕೆ. ಮೇಯುವ ಕುದುರೆ ದಿನದ ಬಹುಪಾಲು ಹೊತ್ತು ತಲೆ ನೆಲಕ್ಕೆ ಇಟ್ಟಿರುತ್ತದೆ. ಉಸಿರಿನ ಜೊತೆ ಒಳಗೆ ಹೋದ ಧೂಳು, ಗಂಟಲಿನ ಬ್ಯಾಕ್ಟೀರಿಯಾ, ಎಲ್ಲ ಸಿಂಬಳದ ಜೊತೆ ಆಗ ಕೆಳಗೆ ಜಾರಿ ಮೂಗಿನಿಂದ ಹೊರಗೆ ಬರುತ್ತವೆ. ತಲೆ ಎತ್ತಿ ಕಟ್ಟಿದರೆ ಅದೇ ಕೊಳೆ ಹಿಮ್ಮುಖವಾಗಿ ಎದೆಗೆ ಇಳಿಯುತ್ತದೆ. ಗಂಟೆ ಕಳೆದ ಹಾಗೆ ಒಳಗೆ ಬ್ಯಾಕ್ಟೀರಿಯಾ ಕೂಡುತ್ತಾ ಹೋಗುತ್ತವೆ. ಹುಲ್ಲಿನ ಧೂಳು, ಕಡಿಮೆ ನೀರು, ಗಾಬರಿ ಸೇರಿದರೆ ಒಂದು ದಿನವೋ ಮೂರು ದಿನವೋ ಆದಮೇಲೆ ಜ್ವರ. ಶಿಪ್ಪಿಂಗ್ ಫೀವರ್ ಅನ್ನುವುದು ಇದನ್ನೇ. ಬಿಟ್ಟರೆ ಎದೆಯಲ್ಲಿ ಕೀವು ನೀರು ತುಂಬಿ ಕುದುರೆ ಸಾಯುವುದೂ ಉಂಟು.

ಹಾಗಾದರೆ ಹಗ್ಗ ಉದ್ದ ಬಿಡಬಹುದಲ್ವಾ? ಬಿಡಬಹುದು, ಯಾವಾಗಲೂ ಅಲ್ಲ. ಕುದುರೆಗಳ ಜೊತೆ ವಿಮಾನದಲ್ಲಿ ಹೋಗಿ ನೋಡಿಕೊಳ್ಳುವ ಗ್ರೂಮ್‌ಗಳ ದೊಡ್ಡ ಭಯ ಕುದುರೆ ಮುಂಗಾಲೆತ್ತಿ ಎದೆಯ ಅಡ್ಡಪಟ್ಟಿ ದಾಟುವುದು. 2023ರ ನವೆಂಬರ್‌ನಲ್ಲಿ ನ್ಯೂಯಾರ್ಕ್‌ನಿಂದ ಲಿಯೇಜ್‌ಗೆ ಹೊರಟ ಸರಕು ವಿಮಾನವೊಂದರಲ್ಲಿ ಹೀಗೇ ಆಯಿತು. ಕುದುರೆಯೊಂದು ಸ್ಟಾಲಿನಿಂದ ಅರ್ಧ ಹೊರಬಂದು, ವಿಮಾನ ಸಮುದ್ರದ ಮೇಲೆ ಇಂಧನ ಸುರಿದು ವಾಪಸ್ ಇಳಿಯಬೇಕಾಯಿತು. ಅದಕ್ಕೇ ಏರುವಾಗ, ಇಳಿಯುವಾಗ ಹಗ್ಗ ಗಿಡ್ಡ. ಮೇಲೆ ಹೋಗಿ ನೇರವಾದ ಮೇಲೆ ಉದ್ದ. ನಮ್ಮ ಸೂಚನೆಯ ಹಾಳೆಯಲ್ಲೂ ಇದನ್ನೇ ಬರೆದಿದ್ದೆವು. ನೆಲದ ಮೇಲೆ ಕಾಯುವಾಗ ಏನು ಮಾಡಬೇಕು ಅಂತ ಒಂದು ಸಾಲೂ ಇರಲಿಲ್ಲ.

ದಾರಿಯಲ್ಲಿ

ಬೆಳಗಿನ ಜಾವ ಐದಕ್ಕೆ ಕೆಂದ ಲಾರಿ ಹತ್ತಿದ. ಲಿಯೇಜ್‌ಗೆ ಆರು ಗಂಟೆ. ಅಲ್ಲಿ ಪೆಟ್ಟಿಗೆ ಹತ್ತಿ ಹೊರಡುವವರೆಗೆ ನಾಲ್ಕು ಗಂಟೆ. ಕೊಲ್ಲಿ ದೇಶದ ನಿಲ್ದಾಣಕ್ಕೆ ಆರೂವರೆ ಗಂಟೆ ಹಾರಾಟ. ಪೆಟ್ಟಿಗೆಯಲ್ಲಿ ಕೆಂದ ನಡುವೆ, ಎಡಕ್ಕೆ ಬಿಳಿ ಹೆಣ್ಣುಗುದುರೆ, ಬಲಕ್ಕೆ ಬೇರೆಯವರ ಎಳೆ ಕುದುರೆ. ಆ ಎಳೆಯದು ಕಚ್ಚುತ್ತಿತ್ತು. ಜಗಳ ತಪ್ಪಿಸಲು ಗ್ರೂಮ್ ಇಬ್ಬರ ಹಗ್ಗವನ್ನೂ ಗಿಡ್ಡ ಮಾಡಿದ. ಹೆಣ್ಣುಗುದುರೆ ಮಾತ್ರ ತಲೆ ಇಳಿಸಿಕೊಂಡು ಹಾಯಾಗಿ ಬಂತು.

ಕೊಲ್ಲಿಯ ನಿಲ್ದಾಣದಲ್ಲಿ ಮೂರು ಗಂಟೆ ನಿಲ್ಲಬೇಕಿತ್ತು. ಒಂಬತ್ತು ಗಂಟೆ ಆಯಿತು. ವಿಮಾನದ ತಾಂತ್ರಿಕ ತೊಂದರೆ, ಯಾರ ತಪ್ಪೂ ಅಲ್ಲ. ಆದರೆ ಒಂಬತ್ತು ಗಂಟೆ ಅಂತ ಯಾರೂ ಒಟ್ಟಿಗೆ ಹೇಳಲಿಲ್ಲ. ಅರ್ಧ ಗಂಟೆ ಅಂದರು. ಇನ್ನೊಂದು ಅರ್ಧ ಗಂಟೆ ಅಂದರು. ಇನ್ನೇನು ಹೊರಡ್ತೀವಿ ಅಂದರು. ಗ್ರೂಮ್ ಅನುಭವಸ್ಥ. ನೆಲದಿಂದ ತಂಪು ಗಾಳಿಯ ಪೈಪ್ ಹಾಕಿಸಿದ, ಗಂಟೆಗೊಮ್ಮೆ ನೀರು ಹಿಡಿದ, ಹುಲ್ಲು ನೆನೆಸಿ ಕೊಟ್ಟ. ಆದರೆ ಯಾವ ಗಳಿಗೆಯಲ್ಲಾದರೂ ವಿಮಾನ ಏರಬಹುದು ಅನ್ನುವಾಗ ಹಗ್ಗ ಬಿಚ್ಚುವ ಧೈರ್ಯ ಯಾರಿಗೆ ಬರುತ್ತದೆ? ಅವನ ಪುಸ್ತಕದಲ್ಲಿ ಇದೆ: ಒಂಬತ್ತು ಗಂಟೆಯಲ್ಲಿ ಕೆಂದನ ಹಗ್ಗ ಸಡಿಲಿಸಿದ್ದು ಎರಡೇ ಸಲ, ಒಟ್ಟು ನಲವತ್ತು ನಿಮಿಷ. ಒಮ್ಮೆಯೇ ಒಂಬತ್ತು ಗಂಟೆ ಅಂದಿದ್ದರೆ ಎಳೆ ಕುದುರೆಗೆ ಬಾಯಿಬುಟ್ಟಿ ಕಟ್ಟಿ, ಎಲ್ಲರ ತಲೆ ಬಿಟ್ಟುಬಿಡುತ್ತಿದ್ದೆ ಅಂತ ಆಮೇಲೆ ಅವನೇ ಹೇಳಿದ. ನನ್ನ ಮಟ್ಟಿಗೆ ಇಡೀ ಪ್ರಕರಣದ ತಿರುವು ಇದೇ. ತಡ ಆದದ್ದಕ್ಕಿಂತ ತಡವನ್ನು ತುಂಡು ತುಂಡಾಗಿ ಹೇಳಿದ್ದು ಕೆಂದನಿಗೆ ಮುಳುವಾಯಿತು.

ಕಾಯುವಾಗ ಕೆಂದ ಒಮ್ಮೆ ಬೆವತು, ಮುಂಗಾಲಿನಿಂದ ನೆಲ ಕೆರೆಯತೊಡಗಿದ. ಮತ್ತಿನ ಇಂಜೆಕ್ಷನ್ ಕೊಡಲೇ ಅಂತ ಗ್ರೂಮ್ ಫೋನಿನಲ್ಲಿ ಕೇಳಿದ. ಬೇಡ ಅಂದೆವು. ಮತ್ತೇರಿದ ಕುದುರೆಗೆ ಕಾಲಿನ ಹಿಡಿತ ತಪ್ಪುತ್ತದೆ, ಕರುಳಿನ ಚಲನೆ ನಿಧಾನ ಆಗುತ್ತದೆ. ಅವನು ಪಕ್ಕದಲ್ಲೇ ನಿಂತು ಕುತ್ತಿಗೆ ಉಜ್ಜುತ್ತಾ ಸಮಾಧಾನ ಮಾಡಿದ. ಅದು ಸರಿಯಾದ ತೀರ್ಮಾನ, ಈಗಲೂ ಹಾಗೇ ಅನ್ನುತ್ತೇನೆ.

ಬೆಂಗಳೂರಿಗೆ ನಾಲ್ಕು ಗಂಟೆ. ಇಳಿಸಿ, ತಪಾಸಣೆ ಮುಗಿಸಿ, ಕ್ವಾರಂಟೈನ್ ಲಾಯ ಸೇರುವಷ್ಟರಲ್ಲಿ ಮೂರೂವರೆ ಗಂಟೆ. ಒಟ್ಟು 33. ಅಷ್ಟರಲ್ಲಿ ಕೆಂದ ಕುಡಿದದ್ದು ಸುಮಾರು 30 ಲೀಟರ್. ಮಾಮೂಲಿ ದಿನದಲ್ಲಿ 24 ಗಂಟೆಗೇ ಅದಕ್ಕಿಂತ ಜಾಸ್ತಿ ಕುಡಿಯುತ್ತಿದ್ದ. ಎದೆಯ ಸುತ್ತಳತೆ ಟೇಪಿನ ಅಂದಾಜಿನಲ್ಲಿ 24 ಕೆಜಿ ಇಳಿದಿದ್ದ.

38.4

ಮಂಗಳವಾರ ಸಂಜೆ ಬಂದ. ಮೈಬಿಸಿ 37.9. ಪ್ರಯಾಣದ ದಣಿವು ಅಂದುಕೊಂಡೆವು. ಬುಧವಾರ ಬೆಳಿಗ್ಗೆ 37.7, ಸಂಜೆ 38.0. ಗುರುವಾರ ಬೆಳಿಗ್ಗೆ 38.4.

ಪುಸ್ತಕದ ಪ್ರಕಾರ ದೊಡ್ಡ ಕುದುರೆಗೆ 38.5ರವರೆಗೂ ಜ್ವರ ಅಲ್ಲ. ಅಲ್ಲಿದ್ದ ಒಬ್ಬರು ಹಾಗೇ ಅಂದರು. ಅವರು ಹೇಳಿದ್ದು ತಪ್ಪಲ್ಲ. ಆದರೆ ನಮ್ಮ ಸೈಸ್, ಅಂದರೆ ಕುದುರೆಯ ಆರೈಕೆ ಮಾಡುವವನು, ಇಪ್ಪತ್ತು ವರ್ಷದಿಂದ ಕುದುರೆಗಳ ಜೊತೆ ಇರುವವನು, ಬೇರೆ ಒಂದು ವಿಷಯ ಹೇಳಿದ. "ಸಾರ್, ಇವನು ನೇತುಹಾಕಿದ ಹುಲ್ಲು ತಿಂತಾನೆ. ನೆಲಕ್ಕೆ ಹಾಕಿದ್ದನ್ನ ಮುಟ್ಟಲ್ಲ." ಹೋಗಿ ನೋಡಿದೆ. ಬಾಗಿಲ ಹತ್ತಿರ ನೆಲದ ಮೇಲೆ ಒಂದು ತೆಕ್ಕೆ ಒಳ್ಳೆಯ ಹುಲ್ಲು ಹಾಗೇ ಬಿದ್ದಿತ್ತು. ಕೆಂದ ಅದರ ಕಡೆ ಮೂತಿ ಇಳಿಸಿದ, ಮೊಣಕಾಲಿನ ಮಟ್ಟಕ್ಕೆ ಬಂದು ನಿಂತ, ಒಂದು ಸಣ್ಣ ಒಣ ಕೆಮ್ಮು ಕೆಮ್ಮಿ ಮತ್ತೆ ತಲೆ ಎತ್ತಿಕೊಂಡ. ಬಲಗಡೆಯ ಮೂಗಿನ ಹೊಳ್ಳೆಯ ಅಂಚಿನಲ್ಲಿ ಬೂದು ಬಣ್ಣದ ಸಿಂಬಳ, ಕಾಳಿನಷ್ಟು.

ಫೈಲ್ ತೆಗೆದು ಜರ್ಮನಿಯ ಹಾಳೆ ನೋಡಿದೆ. ಬೆಳಿಗ್ಗೆ 37.4. ಅಂದರೆ ಇವನ ಲೆಕ್ಕಕ್ಕೆ ಒಂದು ಡಿಗ್ರಿ ಏರಿದೆ. ಪುಸ್ತಕಕ್ಕೆ ಜ್ವರ ಇಲ್ಲ, ಕೆಂದನಿಗೆ ಜ್ವರ ಇದೆ.

ಮೂರು ಸಲಹೆ ಬಂದವು. ಸಂಜೆವರೆಗೆ ಕಾಯೋಣ ಅನ್ನುವುದು ಒಂದು. ಇನ್ನೊಂದು, ಜ್ವರ ಇಳಿಸುವ ಫ್ಲೂನಿಕ್ಸಿನ್ ಒಂದು ಡೋಸ್ ಕೊಟ್ಟುಬಿಡೋಣ, ಇಲ್ಲದಿದ್ದರೆ ಕ್ವಾರಂಟೈನ್ ಉದ್ದ ಆಗುತ್ತದೆ, ಜುಲೈ ಸ್ಪರ್ಧೆ ಕೈಬಿಟ್ಟು ಹೋಗುತ್ತದೆ ಅನ್ನುವುದು. ಮೂರನೆಯದು, ಈಗಲೇ ಅಧಿಕಾರಿಗಳಿಗೆ ತಿಳಿಸಿ ಪಶುವೈದ್ಯರನ್ನು ಕರೆಸುವುದು.

ಎರಡನೆಯ ಸಲಹೆ ಕೊಟ್ಟವರು ಕೆಟ್ಟವರಲ್ಲ. ಆ ಹುಡುಗಿಯ ಮುಖ ನೋಡಿ ಹೇಳಿದ್ದು. ಆದರೆ ಕ್ವಾರಂಟೈನ್ ಇರುವುದೇ ಇಂಥ ದಿನಕ್ಕೆ. 2007ರಲ್ಲಿ ಆಸ್ಟ್ರೇಲಿಯಾದಲ್ಲಿ ಹೊರಗಿನಿಂದ ಬಂದ ಕುದುರೆಗಳ ಫ್ಲೂ ಸಿಡ್ನಿಯ ಕ್ವಾರಂಟೈನ್ ಕೇಂದ್ರದಿಂದ ಹೊರಗೆ ಜಾರಿತು. ಸಾವಿರಾರು ಲಾಯಗಳಿಗೆ ಹಬ್ಬಿ ಆ ದೇಶದ ಕುದುರೆ ಓಟವೇ ನಿಂತುಹೋಗಿತ್ತು. ನಮ್ಮಲ್ಲೂ 2008ರಲ್ಲಿ ಜಮ್ಮುವಿನ ಕಟ್ರಾದಲ್ಲಿ ಕಾಣಿಸಿಕೊಂಡ ಕುದುರೆ ಫ್ಲೂ ಎಷ್ಟೋ ರಾಜ್ಯಗಳಿಗೆ ಹರಡಿತು. ಜ್ವರ ಮುಚ್ಚಿಟ್ಟು, ಅದು ಫ್ಲೂ ಆಗಿದ್ದರೆ, ಬೆಂಗಳೂರಿನ ಸುತ್ತ ಇರುವ ಸಾವಿರಾರು ಕುದುರೆಗಳ ಗತಿ ಏನು? ಗಾಡಿ ಎಳೆದು ಹೊಟ್ಟೆ ಹೊರೆಯುವವನ ಕುದುರೆಯೂ ಅದರಲ್ಲಿ ಸೇರಿದೆ ಅಲ್ವಾ.

ತಂದೆಗೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಈ ಸಲ ಮಾತು ತಿರುಗಿಸಲಿಲ್ಲ. ಅವರು ಎರಡು ಕ್ಷಣ ಸುಮ್ಮನಿದ್ದು, "ಕುದುರೆ ಉಳೀಲಿ, ಉಳಿದದ್ದು ಆಮೇಲೆ" ಅಂದರು.

ಏನು ಸಿಕ್ಕಿತು, ಏನು ಮಾಡಿದರು

ವೈದ್ಯರು ಬಂದು ಮೊದಲು ಮೂಗಿನ ದ್ರವ, ರಕ್ತ ತೆಗೆದರು. ಜ್ವರದ ಔಷಧಿ ಕೊಟ್ಟದ್ದು ಅದಾದ ಮೇಲೆ. ಸೀರಮ್ ಅಮೈಲಾಯ್ಡ್ ಅಂದರೆ ಮೈಯಲ್ಲಿ ಉರಿಯೂತ ಇದ್ದರೆ ರಕ್ತದಲ್ಲಿ ಏರುವ ಪ್ರೋಟೀನ್; ಲಾಯದಲ್ಲೇ ಮಾಡುವ ಅದರ ಪರೀಕ್ಷೆಯಲ್ಲಿ, ಆರೋಗ್ಯವಾಗಿರುವ ಕುದುರೆಗೆ 20ರ ಒಳಗಿರುವ ಅಂಕಿ ಇವನಿಗೆ 800 ದಾಟಿತ್ತು. ಅಂಥದ್ದೇ ಇನ್ನೊಂದು ಪ್ರೋಟೀನ್ ಫೈಬ್ರಿನೋಜೆನ್ ಇನ್ನೂ ಮಾಮೂಲಿ. ಅದು ಏರಲು ಒಂದೆರಡು ದಿನ ಬೇಕು, ಅಮೈಲಾಯ್ಡ್ ಗಂಟೆಗಳಲ್ಲಿ ಏರುತ್ತದೆ. ಅಂದರೆ ರೋಗ ಈಗಷ್ಟೇ ಶುರು. ಎದೆಯ ಸ್ಕ್ಯಾನಿನಲ್ಲಿ ಬಲಗಡೆ ಮುಂದೆ, ಕೆಳಭಾಗದಲ್ಲಿ ಶ್ವಾಸಕೋಶದ ಅಂಚು ಒರಟಾಗಿ ಕಂಡಿತು. ನೀರು ಇನ್ನೂ ತುಂಬಿರಲಿಲ್ಲ.

ಇಂಥ ಕಡೆ ಕೊಡುವುದು ಎರಡು ಆಂಟಿಬಯಾಟಿಕ್, ಪೆನಿಸಿಲಿನ್ ಜೊತೆ ಜೆಂಟಾಮೈಸಿನ್. ಇಲ್ಲಿ ವೈದ್ಯರು ಒಂದು ಗಳಿಗೆ ತಡೆದರು. ಮೈಯಲ್ಲಿ ನೀರು ಕಡಿಮೆ ಇರುವ ಕುದುರೆಗೆ ಜೆಂಟಾಮೈಸಿನ್ ಮೂತ್ರಪಿಂಡಕ್ಕೆ ಹೊಡೆತ ಕೊಡುತ್ತದೆ. ಪೆನಿಸಿಲಿನ್ ತಕ್ಷಣ ಶುರು ಮಾಡಿ, ಡ್ರಿಪ್ ಹಾಕಿ, ಕೆಂದ ಎರಡು ಸಲ ಚೆನ್ನಾಗಿ ಮೂತ್ರ ಮಾಡಿದ ಮೇಲೆಯೇ ಜೆಂಟಾಮೈಸಿನ್ ಕೊಟ್ಟರು. ಆರೇಳು ಗಂಟೆ ಹೆಚ್ಚು ಹಿಡಿಯಿತು. ಆ ಹೊತ್ತು ನಮಗೆ ತುಂಬ ಉದ್ದ ಅನ್ನಿಸಿತು.

ಅವತ್ತು ಮಧ್ಯರಾತ್ರಿ ಜ್ವರ 39.6ಕ್ಕೆ ಏರಿತು. ಬೆಳಿಗ್ಗೆ ಸಿಗದೆ ಸಂಜೆಯವರೆಗೆ ಕಾದಿದ್ದರೆ ಆ 39.6ರ ಹೊತ್ತಿಗೆ ಔಷಧಿ ಆಗಷ್ಟೇ ಶುರುವಾಗುತ್ತಿತ್ತು. ಸೈಸ್ ರಾತ್ರಿಯೆಲ್ಲ ಅಲ್ಲೇ ಕೂತಿದ್ದ. ಹುಲ್ಲನ್ನು ನೆನೆಸಿ, ನೆಲಕ್ಕಿಂತ ಚೂರು ಮೇಲೆ, ಕೆಂದ ಎಷ್ಟು ಬಗ್ಗಬಲ್ಲನೋ ಅಷ್ಟೇ ಎತ್ತರದಲ್ಲಿ ಹಿಡಿಯುವುದು. ಪ್ರತಿ ಸಲ ಒಂದು ಗೇಣು ಕೆಳಗೆ. ಶನಿವಾರ ಜ್ವರ ಇಳಿಯಿತು. ಭಾನುವಾರ ಸಂಜೆ ಕೆಂದ ನೆಲದಿಂದ ಹುಲ್ಲು ಎತ್ತಿಕೊಂಡ. ಸೈಸ್ ಅದನ್ನು ವಿಡಿಯೋ ಮಾಡಿ ಎಲ್ಲರಿಗೂ ಕಳಿಸಿದ. ಹುಡುಗಿ ಫೋನ್ ಮಾಡಿ ಅತ್ತಳು.

ಮೂಗಿನ ದ್ರವದ ಮಾದರಿ ಹಿಸಾರ್‌ನ ರಾಷ್ಟ್ರೀಯ ಕುದುರೆ ಸಂಶೋಧನಾ ಕೇಂದ್ರಕ್ಕೆ ಹೋಯಿತು. ಫ್ಲೂ ಇಲ್ಲ, ಹರ್ಪಿಸ್ ವೈರಸ್ ಇಲ್ಲ ಅಂತ ಫಲಿತಾಂಶ ಬರುವವರೆಗೆ ಮೂರೂ ಕುದುರೆ ಅಲ್ಲೇ ಇದ್ದವು. ಹೆಣ್ಣುಗುದುರೆಗೆ ಏನೂ ಆಗಲಿಲ್ಲ. ಎಳೆಯದಕ್ಕೆ ಒಂದು ದಿನ ಚೂರು ಮೈಬಿಸಿ ಬಂದು ತಾನೇ ಹೋಯಿತು. ಒಂದೇ ಪೆಟ್ಟಿಗೆ, ಒಂದೇ ಗಾಳಿ, ಒಂದೇ ಹುಲ್ಲು. ತಲೆ ಬಿಟ್ಟವಳಿಗೆ ಏನಿಲ್ಲ, ನಡುವೆ ಗಿಡ್ಡ ಹಗ್ಗದಲ್ಲಿ ನಿಂತವನಿಗೆ ಎದೆ ಸೋಂಕು. ಒಂದು ಪೆಟ್ಟಿಗೆಯಿಂದ ದೊಡ್ಡ ಮಾತು ಹೇಳಬಾರದು ಅಂತ ಗೊತ್ತು. ಆದರೂ ಇದು ನನ್ನ ಕಣ್ಣ ಮುಂದಿನಿಂದ ಹೋಗುವುದಿಲ್ಲ.

ಜುಲೈ ಸ್ಪರ್ಧೆ ಬಿಟ್ಟರು. ಮೂರು ವಾರ ಪೂರ್ತಿ ವಿಶ್ರಾಂತಿ, ಆಮೇಲೆ ಕೈಯಲ್ಲಿ ಹಿಡಿದು ನಡೆಸುವುದು, ಎರಡು ತಿಂಗಳ ಮೇಲೆ ಸವಾರಿ. ಔಷಧಿ, ಡ್ರಿಪ್, ಸ್ಕ್ಯಾನ್, ಹೆಚ್ಚುವರಿ ದಿನಗಳ ಖರ್ಚು ಕೂಡಿಸಿದರೆ ಉಳಿಸಿದ್ದ ದುಡ್ಡಿಗಿಂತ ಜಾಸ್ತಿಯೇ ಆಯಿತು. ಆ ಲೆಕ್ಕ ನಾನು ತಂದೆಯ ಮುಂದೆ ಇಟ್ಟೆ. ಅವತ್ತು ನೀವು ಕೇಳಿದ ಪ್ರಶ್ನೆಗೆ ಸರಿಯಾಗಿ ಉತ್ತರ ಕೊಡಬೇಕಿತ್ತು ಅಂತ ಕ್ಷಮೆ ಕೇಳಿದೆ.

ಮುಂದಿನ ಕುದುರೆ

ಅದೇ ವರ್ಷ ನವೆಂಬರ್‌ನಲ್ಲಿ ಬೇರೊಂದು ಮನೆಗೆ ಕುದುರೆ ಬಂತು. ಮೇ ತಿಂಗಳ ಬಿಸಿಲು ಬೇಡ ಅಂತಲೇ ನವೆಂಬರ್. ಪೆಟ್ಟಿಗೆಯಲ್ಲಿ ಎರಡೇ ಕುದುರೆ, ಲಿಯೇಜ್‌ನಲ್ಲಿ ಒಂದು ರಾತ್ರಿ. ದುಡ್ಡು ಸಾಲದಿದ್ದರೆ ಇನ್ನೆರಡು ತಿಂಗಳು ಕಾಯೋಣ ಅಂತ ಆ ಮನೆಯವರಿಗೆ ಮೊದಲೇ ಹೇಳಿದ್ದೆ. ಸೂಚನೆಯ ಹಾಳೆಗೆ ಹೊಸ ಸಾಲು ಸೇರಿತು: ನೆಲದ ಮೇಲೆ ನಿಂತು ಎರಡು ಗಂಟೆ ಆದರೆ, ಯಾರು ಎಷ್ಟು ಬೇಗ ಹೊರಡ್ತೀವಿ ಅಂದರೂ, ಗಡಿಯಾರ ನೋಡಿ ಹಗ್ಗ ಬಿಡಬೇಕು. ಹೊರಡುವ ಸೂಚನೆ ಖಚಿತ ಬಂದಮೇಲೆ ಮತ್ತೆ ಕಟ್ಟಲು ಐದು ನಿಮಿಷ ಸಾಕು. ಕಚ್ಚುವ ಕುದುರೆಯನ್ನು ಪಕ್ಕಕ್ಕೆ ಹಾಕಬೇಡಿ ಅಂತ ಮೊದಲೇ ಕೇಳಿಕೊಂಡೆವು.

ಆ ಸಲವೂ ದಾರಿಯಲ್ಲಿ ಐದು ಗಂಟೆ ತಡ ಆಯಿತು. ಗ್ರೂಮ್ ಅದೇ ವ್ಯಕ್ತಿ. ಎರಡು ಗಂಟೆಗೆ ಸರಿಯಾಗಿ ಹಗ್ಗ ಬಿಟ್ಟು ಫೋಟೋ ಕಳಿಸಿದ. ಕುದುರೆಯ ಮೂತಿ ಪೆಟ್ಟಿಗೆಯ ತಳದಲ್ಲಿತ್ತು. ಇಳಿದ ಮೇಲೆ ಐದು ದಿನ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮೈಬಿಸಿ ನೋಡಿದೆವು, ಅದರದೇ ಹಳೆಯ ಹಾಳೆ ಪಕ್ಕದಲ್ಲಿ ಇಟ್ಟುಕೊಂಡು. 37.8 ದಾಟಲಿಲ್ಲ. ಆರನೇ ದಿನ ಬೆಳಿಗ್ಗೆ ಅದರ ಸವಾರ ಫೋನ್ ಮಾಡಿ, ಕ್ವಾರಂಟೈನ್ ಮುಗಿದ ದಿನವೇ ಹತ್ತಬಹುದಾ ಅಂತ ಕೇಳಿದ. ಅದಾದ ಮೇಲೂ ಎರಡು ವಾರ ಬರೀ ನಡೆಸೋಣ ಅಂದೆ.